ಹೆಸರಲ್ಲಿ ಮೇಕೆಮರಿ, ಬನ್ ಒಳಗೆ ದನ: ಚಿವಿತೊ ಬಗ್ಗೆ ನಮ್ಮ ವಾದ

ಉರುಗ್ವೆಯಲ್ಲಿ ಒಂದು ಸ್ಯಾಂಡ್‌ವಿಚ್ ಇದೆ, ಹೆಸರು ಚಿವಿತೊ. ಸ್ಪ್ಯಾನಿಷ್‌ನಲ್ಲಿ ಚಿವಿತೊ ಅಂದ್ರೆ ಮೇಕೆಮರಿ. ಆದರೆ ಬನ್ ಎತ್ತಿ ನೋಡಿದ್ರೆ ಒಳಗಿರೋದು ದನದ ಮಾಂಸದ ತೆಳು ಸ್ಟೇಕ್. ಅದರ ಜೊತೆ ಹ್ಯಾಮ್, ಕರಗಿದ ಮೊಜರೆಲ್ಲಾ ಚೀಸ್, ಮೊಟ್ಟೆ, ಟೊಮ್ಯಾಟೊ, ಲೆಟ್ಯೂಸ್, ಆಲಿವ್, ಮಯೊನೀಸ್. ಪಕ್ಕದಲ್ಲಿ ಒಂದು ಗುಡ್ಡೆ ಫ್ರೆಂಚ್ ಫ್ರೈಸ್. ಮೇಕೆ ಮಾತ್ರ ಎಲ್ಲೂ ಇಲ್ಲ. ಸುಮಾರು 35 ಲಕ್ಷ ಜನ, ಸುಮಾರು 1.2 ಕೋಟಿ ದನ ಇರೋ ದೇಶ ಅದು. ಪ್ರತಿ ದನದ ಕಿವಿಗೂ ಟ್ಯಾಗ್ ಹಾಕಿ ಅದರ ಜಾತಕ ಇಡೋ ಪದ್ಧತಿಯನ್ನ 2006ರಲ್ಲೇ ಕಡ್ಡಾಯ ಮಾಡಿದವರು. ದನದ ಲೆಕ್ಕ ಅಷ್ಟು ಪಕ್ಕಾ ಇಡೋ ಜನ ತಮ್ಮ ಹೆಮ್ಮೆಯ ತಿಂಡಿಗೆ ಇಲ್ಲದ ಮೇಕೆಯ ಹೆಸರು ಇಟ್ಕೊಂಡು ಆರಾಮಾಗಿದ್ದಾರೆ.

ಇದನ್ನ ಮನೇಲಿ ಮಾಡೋಣ ಅಂತ ಮಾತೆತ್ತಿದ್ರೆ ಸಾಕು, ನಮ್ಮಲ್ಲಿ ತಕ್ಷಣ ಎರಡು ಪಾರ್ಟಿ ಹುಟ್ಟುತ್ತವೆ. ಒಂದು ಪಾರ್ಟಿ ಹೇಳೋದು: "ಉರುಗ್ವೆ ಬೀಫ್ ಇಲ್ಲ, ಅಲ್ಲಿನ ಬ್ರೆಡ್ ಇಲ್ಲ, ಒರಿಜಿನಲ್ ಆಗಲ್ಲ, ಬಿಟ್ಹಾಕಿ." ಇನ್ನೊಂದು ಪಾರ್ಟಿ ಹೇಳೋದು: "ಅಡ್ಜಸ್ಟ್ ಮಾಡ್ಕೊಳಿ ಗುರು. ಸಿಕ್ಕಿದ್ದು ಹಾಕಿ, ಮೇಲೆ ಶೆಜ್ವಾನ್ ಚಟ್ನಿ ಸುರಿದ್ರೆ ಆಯ್ತು." ಇಬ್ಬರೂ ತಪ್ಪು ಅನ್ನೋದು ನಮ್ಮ ವಾದ. ಸಾಂಪ್ರದಾಯಿಕ ಅಡುಗೆಯನ್ನ ಮನೆಯಲ್ಲಿ ಮಾಡುವಾಗ ಬದಲಾವಣೆ ಮಾಡ್ಬಹುದು. ಆದರೆ ಅದಕ್ಕೆ ಎರಡು ಕಂಡೀಷನ್ ಇವೆ. ತೆಗೆಯೋ ವಸ್ತು ಅಲ್ಲಿ ಏನು ಕೆಲಸ ಮಾಡ್ತಿತ್ತು ಅಂತ ಗೊತ್ತಿರಬೇಕು. ಮತ್ತು ಬದಲಾಯಿಸಿದ್ದನ್ನ ತಿನ್ನೋರಿಗೆ ಬಾಯಿಬಿಟ್ಟು ಹೇಳಬೇಕು.

ಈ ಎರಡೂ ಚಿವಿತೊ ಹುಟ್ಟಿದ ಕಥೆಯಲ್ಲೇ ಇವೆ.

ಇಲ್ಲ ಅಂದಾಗ ಹುಟ್ಟಿದ್ದು

ಅಲ್ಲಿನವರು ಹೇಳೋ ಕಥೆ ಹೀಗಿದೆ. 1940ರ ದಶಕ. ಪುಂತಾ ದೆಲ್ ಎಸ್ತೆ ಅನ್ನೋ ಕಡಲತೀರದ ಊರು, ಅಲ್ಲಿ ಎಲ್ ಮೆಹಿಯೋನ್ ಅನ್ನೋ ಹೋಟೆಲ್, ಅದನ್ನ ನಡೆಸ್ತಿದ್ದವರು ಆಂತೋನಿಯೊ ಕಾರ್ಬೊನಾರೊ. ಅರ್ಜೆಂಟೀನಾ ಕಡೆಯಿಂದ ಬಂದ ಒಬ್ಬ ಮಹಿಳೆ ಮೇಕೆಮರಿ ಮಾಂಸ ಬೇಕು ಅಂತ ಕೇಳಿದರಂತೆ. ಅಡುಗೆಮನೆಯಲ್ಲಿ ಮೇಕೆ ಇರಲಿಲ್ಲ. ಇದ್ದದ್ದು ದನದ ಮಾಂಸ, ಹ್ಯಾಮ್, ಬ್ರೆಡ್, ಬೆಣ್ಣೆ. ಬ್ರೆಡ್ಡನ್ನ ಬೆಣ್ಣೆ ಹಚ್ಚಿ ಬಿಸಿ ಮಾಡಿ, ಒಳಗೆ ರಸ ಆರದ ಸ್ಟೇಕ್ ಮತ್ತು ಹ್ಯಾಮ್ ಇಟ್ಟು ಕೊಟ್ಟರು. ಕೇಳಿದ ಮೇಕೆಮರಿಯ ಹೆಸರೇ ತಿಂಡಿಗೆ ಅಂಟಿಕೊಂಡಿತು. ಮೊಟ್ಟೆ, ಚೀಸ್, ಟೊಮ್ಯಾಟೊ ಎಲ್ಲ ಆಮೇಲೆ ಒಂದೊಂದಾಗಿ ಸೇರಿಕೊಂಡವು. ಈಗ ಬೇಕನ್ ಹಾಕಿದ್ರೆ ಅದಕ್ಕೆ ಕೆನಡಿಯೆನ್ಸೆ ಅಂತಾರೆ, ಬ್ರೆಡ್ ಇಲ್ಲದೆ ತಟ್ಟೆಯಲ್ಲಿ ಹರಡಿಕೊಟ್ರೆ ಚಿವಿತೊ ಅಲ್ ಪ್ಲಾತೊ.

ಅಂದ್ರೆ ನಾವು ಒರಿಜಿನಲ್ ಅಂತ ಪೂಜೆ ಮಾಡೋ ತಿಂಡಿಯೇ ಒಂದು ಸಬ್‌ಸ್ಟಿಟ್ಯೂಷನ್. ಎಲ್ಲವೂ ಸರಿಯಾಗಿ ಸಿಕ್ಕಿದ್ರೆ ಮಾತ್ರ ಮಾಡ್ತೀನಿ ಅಂತ ಕಾರ್ಬೊನಾರೊ ಕೂತಿದ್ದರೆ ಚಿವಿತೊ ಹುಟ್ಟುತ್ತಲೇ ಇರಲಿಲ್ಲ.

ಅದೇ ಖಂಡದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆಯೂ ಇದೆ. ಬ್ರೆಜಿಲ್‌ನ ಬೌರು ಸ್ಯಾಂಡ್‌ವಿಚ್. 1930ರ ದಶಕದಲ್ಲಿ ಸಾವೊ ಪೌಲೊದ ಪೊಂತೊ ಶೀಕ್ ಅನ್ನೋ ಹೋಟೆಲಿನಲ್ಲಿ ಕಸಿಮಿರೊ ಪಿಂತೊ ನೆತೊ ಅನ್ನೋ ಲಾ ಸ್ಟೂಡೆಂಟ್ ಹೀಗೆ ಹೀಗೆ ಮಾಡಿಕೊಡಿ ಅಂತ ಹೇಳಿ ಮಾಡಿಸಿಕೊಂಡದ್ದು. ಹೌದು, ನಮ್ಮ ಹಾಗೆ ಹಸಿದ ಒಬ್ಬ ವಿದ್ಯಾರ್ಥಿ. ಅವನ ಊರು ಬೌರು, ಅಡ್ಡಹೆಸರೂ ಬೌರು, ಕೊನೆಗೆ ಸ್ಯಾಂಡ್‌ವಿಚ್ಚೂ ಬೌರು. ಬ್ರೆಡ್ಡಿನ ಒಳಗಿನ ಮೆತ್ತನೆ ಭಾಗ ಕಿತ್ತುಹಾಕಿ ರೋಸ್ಟ್ ಬೀಫ್, ಕರಗಿಸಿದ ಚೀಸ್, ಟೊಮ್ಯಾಟೊ, ಸೌತೆಕಾಯಿ ಉಪ್ಪಿನಕಾಯಿ ಹಾಕೋದು ಅದರ ಕ್ರಮ. ಈ ರೆಸಿಪಿಯನ್ನ ಬೌರು ನಗರ ಮುಂದೆ ಸ್ಥಳೀಯ ಕಾನೂನಿನಲ್ಲೇ ಬರೆದಿಟ್ಟಿತು. ಊರಿಗೆ ಅದು ಹೆಮ್ಮೆ, ಸರಿ. ಆದರೆ ಕಾನೂನು ಕಾಯೋದು ಪದಾರ್ಥಗಳ ಪಟ್ಟಿಯನ್ನ. ಬ್ರೆಡ್ಡಿನ ಮೆತ್ತನೆ ಭಾಗ ಯಾಕೆ ತೆಗೀಬೇಕು ಅನ್ನೋದು ಅಡುಗೆ ಮಾಡೋನ ತಲೆಯಲ್ಲಿ ಇರಬೇಕು. ಒಳಗೆ ಜಾಗ ಆಗುತ್ತೆ, ಕರಗಿದ ಚೀಸ್ ಹೊರಗೆ ಸುರಿಯಲ್ಲ, ಕಚ್ಚಿದಾಗ ಬಾಯಿ ತುಂಬ ಬರೀ ಬ್ರೆಡ್ ಬರಲ್ಲ. ಕಾರಣ ಗೊತ್ತಿದ್ದವನು ಬೇರೆ ಬ್ರೆಡ್ ಸಿಕ್ಕಿದರೂ ಸಂಭಾಳಿಸ್ತಾನೆ.

ಸ್ಟೇಕ್ ಮಾಡೋ ಕೆಲಸ

ಈಗ ಮೊದಲ ಕಂಡೀಷನ್‌ಗೆ ಬರೋಣ. ಚಿವಿತೊಗೆ ಉರುಗ್ವೆಯಲ್ಲಿ ಬಳಸೋದು ಲೋಮೊ, ಅಂದ್ರೆ ಟೆಂಡರ್‌ಲಾಯಿನ್. ಬೆನ್ನುಮೂಳೆಯ ಒಳಬದಿಯಲ್ಲಿ ಇರೋ, ಪ್ರಾಣಿ ಹೆಚ್ಚು ಬಳಸದ ಸ್ನಾಯು. ಕೆಲಸ ಕಮ್ಮಿ, ಅದಕ್ಕೇ ಮೆದು. ಸ್ಯಾಂಡ್‌ವಿಚ್‌ನಲ್ಲಿ ಮೆದು ಇರಲೇಬೇಕು ಯಾಕಂದ್ರೆ ಇಲ್ಲಿ ಚಾಕು ಇಲ್ಲ, ಹಲ್ಲು ಮಾತ್ರ. ಕಚ್ಚಿದ ತಕ್ಷಣ ತುಂಡಾಗದಿದ್ರೆ ಇಡೀ ಸ್ಟೇಕ್ ಬನ್ ಒಳಗಿಂದ ಜಾರಿ ಈಚೆ ಬರುತ್ತೆ, ಅದರ ಜೊತೆ ಮೊಟ್ಟೆ, ಟೊಮ್ಯಾಟೊ ಎಲ್ಲ ತೊಡೆ ಮೇಲೆ.

ಕರ್ನಾಟಕದಲ್ಲಿ ಇದಕ್ಕೆ ಒಂದು ಕಾನೂನಿನ ಮಾತು ಸೇರುತ್ತೆ. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯೋ ಹಾಗಿಲ್ಲ. ಎಮ್ಮೆ, ಕೋಣಗಳಿಗೂ 13 ವರ್ಷ ತುಂಬಿರಬೇಕು. ಹಾಗಾಗಿ ಇಲ್ಲಿ ಕಾನೂನಿನ ಪ್ರಕಾರ ಕಡಿದು ಮಾರೋದು ವಯಸ್ಸಾದ ಎಮ್ಮೆಯ ಮಾಂಸ. ವಯಸ್ಸಾದಂತೆ ಸ್ನಾಯುವಿನ ಕೊಲಾಜೆನ್‌ನಲ್ಲಿ ಕ್ರಾಸ್‌ಲಿಂಕ್ ಹೆಚ್ಚುತ್ತೆ, ಮಾಂಸ ಗಟ್ಟಿಯಾಗುತ್ತೆ. ಉರುಗ್ವೆ ವಿಡಿಯೋ ನೋಡಿ ಅದೇ ದಪ್ಪದ ಸ್ಟೇಕ್ ಹಾಕಿದ್ರೆ ಚಪ್ಪಲಿ ತಿಂದ ಹಾಗಿರುತ್ತೆ. ಇಲ್ಲಿ ಒರಿಜಿನಲ್ ಪಾರ್ಟಿ ಕೈಚೆಲ್ಲುತ್ತೆ, ಅಡ್ಜಸ್ಟ್ ಪಾರ್ಟಿ ಸಾಸ್ ಬಾಟಲಿ ಹುಡುಕುತ್ತೆ. ನಾವು ಕೇಳೋದು, ಸ್ಟೇಕ್ ಇಲ್ಲಿ ಮಾಡ್ತಿದ್ದ ಕೆಲಸ ಏನು ಅಂತ. ಕಚ್ಚಿದ್ರೆ ತುಂಡಾಗಬೇಕು, ಹೊರಗೆ ಚೆನ್ನಾಗಿ ಕಂದು ಬಣ್ಣ ಬಂದಿರಬೇಕು, ಒಳಗೆ ರಸ ಇರಬೇಕು. ಈ ಮೂರನ್ನೂ ಬೇರೆ ದಾರಿಯಿಂದ ತರಬಹುದು.

ಇಬ್ಬರಿಗೆ 200 ಗ್ರಾಂ ಸಾಕು. ಅಂಡರ್‌ಕಟ್ ಅಂತ ಕೇಳಿದ್ರೆ ಮಾಂಸದಂಗಡಿಯವರಿಗೆ ಗೊತ್ತಾಗುತ್ತೆ. ನಾರು ಯಾವ ದಿಕ್ಕಿಗೆ ಹೋಗಿದೆ ನೋಡಿ, ಅದಕ್ಕೆ ಅಡ್ಡವಾಗಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ. ಉದ್ದ ನಾರನ್ನ ಚಾಕು ಆಗಲೇ ಕಡಿದಿದ್ರೆ ಹಲ್ಲಿಗೆ ಕೆಲಸ ಕಮ್ಮಿ. ಆಮೇಲೆ ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಲಟ್ಟಣಿಗೆಯಲ್ಲಿ ಬಡಿದು ಅರ್ಧ ಸೆಂಟಿಮೀಟರ್‌ಗೆ ಇಳಿಸಿ. ಇನ್ನೂ ಗಟ್ಟಿ ಅನ್ಸಿದ್ರೆ ಒಂದು ಚಮಚ ಪರಂಗಿಕಾಯಿ ಪೇಸ್ಟ್ ಸವರಿ ಅರ್ಧ ಗಂಟೆ ಬಿಡಿ. ಅದರಲ್ಲಿರೋ ಪಪೈನ್ ಎಂಜೈಮ್ ಪ್ರೋಟೀನನ್ನ ಒಡೆಯುತ್ತೆ. ರಾತ್ರಿ ಪೂರ್ತಿ ಬಿಟ್ರೆ ಮಾಂಸ ಮುದ್ದೆಯಾಗುತ್ತೆ, ಹುಷಾರು.

ಮುಂದಿನದು ಥರ್ಮೋಡೈನಮಿಕ್ಸ್. ಕಂದು ಬಣ್ಣ, ಹುರಿದ ವಾಸನೆ ಎರಡೂ ಬರೋದು ಮಯಾರ್ ರಿಯಾಕ್ಷನ್‌ನಿಂದ. ಅದು ಚುರುಕಾಗಿ ನಡೆಯೋಕೆ ಮೇಲ್ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮೇಲೆ ನೀರಿದ್ರೆ ಅದು ಆವಿಯಾಗೋ ತನಕ ಮೇಲ್ಮೈ 100 ಡಿಗ್ರಿ ಹತ್ತಿರವೇ ನಿಂತಿರುತ್ತೆ. ಲೇಟೆಂಟ್ ಹೀಟ್ ಲೆಕ್ಕ ಹಾಕಿ: 10 ಗ್ರಾಂ ನೀರು ಆವಿಯಾಗೋಕೆ ಸುಮಾರು 22.6 ಕಿಲೋಜೂಲ್ ಬೇಕು. ಆ ಶಾಖ ಎಲ್ಲ ಹಬೆಗೆ ಹೋದ್ರೆ ಮಾಂಸ ಬೇಯುತ್ತೆ ಹೊರತು ಹುರಿಯಲ್ಲ, ಬೂದು ಬಣ್ಣಕ್ಕೆ ತಿರುಗುತ್ತೆ. ಅದಕ್ಕೇ ಪರಂಗಿ ಪೇಸ್ಟ್ ಒರೆಸಿ, ಟಿಶ್ಯೂನಲ್ಲಿ ಒತ್ತಿ ಒಣಗಿಸಿ, ಉಪ್ಪು ಹಾಕಿದ ತಕ್ಷಣ ಕಾವಲಿಗೆ ಬಿಡಿ. ಕಾವಲಿ ಅಂದ್ರೆ ಮನೆಯ ಕಬ್ಬಿಣದ ದೋಸೆ ಕಾವಲಿಯೇ. ದಪ್ಪ ಕಬ್ಬಿಣ ಶಾಖ ತುಂಬಿಟ್ಟುಕೊಂಡಿರುತ್ತೆ, ತಣ್ಣನೆ ಮಾಂಸ ಬಿದ್ದರೂ ಒಮ್ಮೆಲೇ ತಣ್ಣಗಾಗಲ್ಲ. ನಾನ್‌ಸ್ಟಿಕ್ ತವಾವನ್ನ ಇಷ್ಟು ಕಾಯಿಸೋದು ಬೇಡ, ಅದರ ಲೇಪನಕ್ಕೆ ಒಳ್ಳೇದಲ್ಲ. ಎಣ್ಣೆ ಲೈಟಾಗಿ ಹೊಗೆಯಾಡೋ ಹೊತ್ತಿಗೆ ಹಾಕಿ, ಒಂದೊಂದು ಬದಿ ಒಂದೂವರೆ ನಿಮಿಷ. ತೆಳು ಇರೋದ್ರಿಂದ ಅಷ್ಟರಲ್ಲಿ ಒಳಗೂ ಬೆಂದಿರುತ್ತೆ. ಕಾವಲಿ ಮೇಲೆ ಒಟ್ಟಿಗೆ ನಾಲ್ಕು ತುಂಡು ತುರುಕಬೇಡಿ.

ಉಳಿದವರ ಕೆಲಸ

ಸ್ಟೇಕ್ ಇನ್ನೂ ಕಾವಲಿ ಮೇಲಿರುವಾಗಲೇ ಒಂದು ಸ್ಲೈಸ್ ಹ್ಯಾಮ್, ಅದರ ಮೇಲೆ ಮೊಜರೆಲ್ಲಾ ಇಟ್ಟು ಅರ್ಧ ನಿಮಿಷ ಮುಚ್ಚಳ ಮುಚ್ಚಿ. ಚೀಸ್ ರುಚಿಗೆ ಮಾತ್ರ ಇರೋದಲ್ಲ, ಹ್ಯಾಮನ್ನೂ ಮೊಟ್ಟೆಯನ್ನೂ ಹಿಡಿದಿಡೋ ಅಂಟು ಅದು. ಬನ್‌ನ ಒಳಬದಿಯನ್ನ ಬೆಣ್ಣೆಯಲ್ಲಿ ಬಿಸಿ ಮಾಡಿ, ಮೇಲೆ ಮಯೊನೀಸ್ ಸವರಿ. ಕೊಬ್ಬಿನ ಈ ಪದರ ವಾಟರ್‌ಪ್ರೂಫಿಂಗ್ ಇದ್ದ ಹಾಗೆ, ಮಾಂಸದ ರಸ ಬ್ರೆಡ್ಡಿಗೆ ಇಳಿದು ಪಿಚಪಿಚ ಅನ್ನಲ್ಲ. ಈ ಕೆಲಸ ಮೊಟ್ಟೆ ಇಲ್ಲದ ಮಯೊನೀಸ್ ಕೂಡ ಮಾಡುತ್ತೆ, ಹಾಗಾಗಿ ಅದನ್ನ ಬದಲಾಯಿಸೋದ್ರಲ್ಲಿ ನಷ್ಟ ಇಲ್ಲ. ಬೇಕರಿಯ ಸಿಹಿ ಬನ್ ಮಾತ್ರ ಬೇಡ, ಸಕ್ಕರೆ ಇದ್ರೆ ಬಿಸಿ ಮಾಡುವಾಗ ಬೇಗ ಸೀದುಹೋಗುತ್ತೆ. ಟೊಮ್ಯಾಟೊ ಹೋಳಿಗೆ ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಬಿಟ್ಟು ನೀರು ಬಸಿದ್ರೆ ಜಾರೋದು ಕಮ್ಮಿ. ಕ್ರಮ ಹೀಗೆ: ಬನ್, ಮಯೊನೀಸ್, ಸ್ಟೇಕ್, ಹ್ಯಾಮ್, ಚೀಸ್, ಹುರಿದ ಮೊಟ್ಟೆ, ಟೊಮ್ಯಾಟೊ, ಆಲಿವ್, ಲೆಟ್ಯೂಸ್, ಬನ್. ಆಲಿವ್‌ನ ಕೆಲಸ ಹುಳಿ-ಉಪ್ಪಿನಿಂದ ಜಿಡ್ಡನ್ನ ಮುರಿಯೋದು. ಅದು ಸಿಗದಿದ್ರೆ ಬೌರು ಥರ ಸೌತೆಕಾಯಿ ಉಪ್ಪಿನಕಾಯಿ ಸಾಕು.

ಶೆಜ್ವಾನ್ ಚಟ್ನಿ ನಮಗೂ ಇಷ್ಟ. ಆದರೆ ಅದು ಇಲ್ಲಿ ಯಾರ ಜಾಗಕ್ಕೆ ಬರ್ತಿದೆ? ಯಾರ ಕೆಲಸವನ್ನೂ ಮಾಡದೆ ಎಲ್ಲರ ರುಚಿಯನ್ನೂ ಮುಚ್ಚಿಹಾಕುತ್ತೆ. ನಮ್ಮ ಆಕ್ಷೇಪ ಖಾರಕ್ಕಲ್ಲ. ಚಿಲಿ ದೇಶದ ಚಾಕರೇರೊ ಅನ್ನೋ ಸ್ಟೇಕ್ ಸ್ಯಾಂಡ್‌ವಿಚ್‌ನಲ್ಲಿ ಹಸಿಮೆಣಸಿನಕಾಯಿ ಇದೆ, ಬೇಯಿಸಿದ ಹುರುಳಿಕಾಯಿ ಕೂಡ ಇದೆ! ಖಾರ ಬೇಕಿದ್ರೆ ಅದನ್ನೇ ಮಾಡಿ, ಅಲ್ಲಿ ಅದಕ್ಕೆ ಜಾಗ ಇದೆ.

ಬಡಿಸೋ ಮುಂಚೆ

ಎರಡನೇ ಕಂಡೀಷನ್ ನಮಗೆ ಇನ್ನೂ ಮುಖ್ಯ. ಒಂದೇ ಬನ್‌ನಲ್ಲಿ ದನ, ಹಂದಿ, ಮೊಟ್ಟೆ ಮೂರೂ ಇರೋ ತಿಂಡಿ ಇದು. ನಮ್ಮ ಯಾವುದೇ ಕ್ಲಾಸ್‌ನ ಗೆಟ್-ಟುಗೆದರ್‌ಗೆ ತಂದಿಟ್ಟರೆ ಅದರಲ್ಲಿ ಯಾವುದೋ ಒಂದನ್ನ ತಿನ್ನದವರು ಖಂಡಿತ ಇರ್ತಾರೆ. ಕಾರಣ ನಂಬಿಕೆ ಇರಬಹುದು, ಮನೆ ರೂಢಿ ಇರಬಹುದು, ಅಲರ್ಜಿ ಇರಬಹುದು. "ತಿಂದ ಮೇಲೆ ಹೇಳೋಣ, ಮುಖ ನೋಡೋಕೆ ಮಜಾ ಇರುತ್ತೆ" ಅನ್ನೋ ಜೋಕ್ ಕ್ಯಾಂಪಸ್‌ನಲ್ಲಿ ಆಗಾಗ ಕೇಳಿಬರುತ್ತೆ. ನಮಗೆ ಅದು ಜೋಕ್ ಅನ್ಸಲ್ಲ. ಇನ್ನೊಬ್ಬರು ತಮ್ಮ ಬಾಯಿಗೆ ಏನು ಹೋಗಬೇಕು ಅಂತ ತೀರ್ಮಾನಿಸೋ ಹಕ್ಕನ್ನ ಕದಿಯೋದು ಅದು.

ಇದು ಎರಡೂ ಕಡೆಗೆ ಅನ್ವಯ. ಬೀಫ್ ತಿನ್ನೋ ಮನೆಯಿಂದ ಬಂದವರು ಡಬ್ಬಿ ತೆರೆಯುವಾಗ ಅಕ್ಕಪಕ್ಕ ನೋಡ್ಕೋಬೇಕಾದ ಸ್ಥಿತಿಯೂ ತಪ್ಪೇ. ರೆಸಿಪಿ ಬರೆಯೋವಾಗ "ಮಾಂಸ" ಅಂತ ಮಾತ್ರ ಬರೆದು ಜಾಣತನದಿಂದ ಜಾರಿಕೊಳ್ಳೋದೂ ನಮಗೆ ಇಷ್ಟ ಇಲ್ಲ. ಉರುಗ್ವೆಯ ಚಿವಿತೊ ದನದ ಮಾಂಸದ್ದು. ಇಲ್ಲಿ ಮಾಡಿದ್ದು ಎಮ್ಮೆಯದಾದ್ರೆ ಎಮ್ಮೆಯದು ಅಂತ ಹೇಳಿ. ನಾಚಿಕೆ ಪಡೋಕೆ ಏನಿದೆ? ಹೇಳಿದ ಮೇಲೆ ತಿನ್ನೋರು ತಿಂತಾರೆ, ಬೇಡದವರು ಫ್ರೈಸ್ ತಗೋತಾರೆ, ಇಬ್ಬರೂ ಒಂದೇ ಮೇಜಿನಲ್ಲಿ ಕೂರಬಹುದು.

ತಿನ್ನದವರಿಗೂ ಒಂದು ಬನ್ ಮಾಡೋಣ ಅಂದ್ರೆ ಮತ್ತೆ ಮೊದಲ ಕಂಡೀಷನ್ ನೆನಪಿಡಿ. ಪನೀರ್ ಚೆನ್ನಾಗಿ ಕಂದು ಬಣ್ಣಕ್ಕೆ ಬರುತ್ತೆ, ಆದರೆ ರಸ ಇಲ್ಲ. ಅದಕ್ಕೆ ಟೊಮ್ಯಾಟೊ, ಮಯೊನೀಸ್ ಸ್ವಲ್ಪ ಜಾಸ್ತಿ ಬೇಕು. ಅಣಬೆಯಲ್ಲಿ ರಸ ಇದೆ, ಆದರೆ ನೀರು ಜಾಸ್ತಿ, ಸ್ವಲ್ಪಸ್ವಲ್ಪವೇ ಹಾಕಿ ನೀರು ಪೂರ್ತಿ ಆರೋ ತನಕ ಹುರಿಯಬೇಕು. ಚಿಕನ್ ಆದ್ರೆ ಸ್ಟೇಕ್ ಥರಾನೇ ಬಡಿದು ತೆಳು ಮಾಡಿ, ಆದರೆ ಒಳಗೆ ಪೂರ್ತಿ ಬೇಯಲೇಬೇಕು. ಇಂಥದ್ದನ್ನ ಪನೀರ್ ಚಿವಿತೊ, ಅಣಬೆ ಚಿವಿತೊ ಅಂತ ಕರೆಯೋದು ಹೆಸರಿಗೆ ಅವಮಾನ ಅಂತ ನಮಗೆ ಅನ್ಸಲ್ಲ. ಮೇಕೆ ಇಲ್ಲದೆಯೇ ಇಷ್ಟು ವರ್ಷ ನಡೆದ ಹೆಸರು, ಪನೀರ್‌ಗೆ ಹೆದರುತ್ತಾ? ಪನೀರ್ ಇದೆ ಅಂತ ಮೊದಲೇ ಹೇಳಿದ್ರೆ ಸಾಕು.

ಹಾಸ್ಟೆಲ್ ರೂಮಲ್ಲಿ ಇಂಡಕ್ಷನ್ ಇಟ್ಕೊಂಡು ಇದನ್ನ ಟ್ರೈ ಮಾಡ್ಬೇಡಿ, ವಾಸನೆ ವಾರ್ಡನ್ ತನಕ ಹೋಗುತ್ತೆ. ರಜೆಗೆ ಊರಿಗೆ ಹೋದಾಗ ಮಾಡಿ. ದೋಸೆ ಕಾವಲಿ ಬಳಸೋ ಮುಂಚೆ ಅಮ್ಮನನ್ನ ಕೇಳಿ, ಯಾಕಂದ್ರೆ ಎಷ್ಟೋ ಮನೆಯಲ್ಲಿ ಅದರ ಮೇಲೆ ಮಾಂಸ ಇಡೋ ಹಾಗಿಲ್ಲ. ಬೇಡ ಅಂದ್ರೆ ಬೇರೆ ಕಬ್ಬಿಣದ ಬಾಣಲೆ ಹುಡುಕಿ. ಬಡಿಸೋ ಮುಂಚೆ ಬನ್ ಒಮ್ಮೆ ಎತ್ತಿ ತೋರಿಸಿ, ಒಳಗೆ ಏನೇನಿದೆ ಒಂದೊಂದೇ ಹೆಸರು ಹೇಳಿ. ಬಿಸಿ ಆರೋಕೆ ಬಿಡಬೇಡಿ, ಚೀಸ್ ಗಟ್ಟಿಯಾಗುತ್ತೆ.