ಗಜನಿ ಭೂಮಿಯೂ ಕಡಲತೀರದ ಪಟ್ಟಣಗಳೂ

ಕಡಲತೀರದ ಊರುಗಳಿಗೆ ನೀರು ನುಗ್ಗಿದಾಗಲೆಲ್ಲ ಕಲ್ಲಿನ ಗೋಡೆಯನ್ನು ಬೇಡುವುದು ವಾಡಿಕೆಯಾಗಿದೆ. 1901ರಿಂದ 2018ರ ವರೆಗೆ ಪ್ರಪಂಚದ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರು, ಎಂದರೆ ಹೆಚ್ಚುಕಡಮೆ ಒಂದು ಗೇಣು, ಏರಿರುವುದಾಗಿ ಶಾಸ್ತ್ರಜ್ಞರು ನಿರ್ಣಯಿಸಿರುತ್ತಾರೆ. ಗೋಡೆಯು ಹೊರಗಿನ ನೀರನ್ನು ತಡೆದೀತು; ಊರೊಳಗೆ ಸುರಿದ ಮಳೆಯ ನೀರಿಗೆ ಗತಿಯೇನು? ಕಡಲಂಚಿನ ಕಾಲುವೆಗಳು ಇಳಿತದ ಹೊತ್ತಿನಲ್ಲಿ ಮಾತ್ರ ಚೆನ್ನಾಗಿ ಹರಿಯತಕ್ಕವು. ಸಮುದ್ರವು ಏರಿದಷ್ಟೂ ಆ ಹೊತ್ತು ಕಿರಿದಾಗುವುದು. ಅದುವರೆಗೆ ನೀರು ನಿಲ್ಲಲು ತಗ್ಗುನೆಲವು ಬೇಕೇಬೇಕು.

ಉತ್ತರ ಕನ್ನಡ ಜಿಲ್ಲೆಯ ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿರುವ ಗಜನಿಗಳು ಇಂಥ ನೆಲವೇ ಆಗಿವೆ. ಒಡ್ಡು ಕಟ್ಟಿ, ಹಲಗೆಯ ತೂಬುಗಳನ್ನಿಟ್ಟು, ಭರತದಲ್ಲಿ ಉಪ್ಪುನೀರನ್ನು ತಡೆದು ಇಳಿತದಲ್ಲಿ ಒಳನೀರನ್ನು ಹೊರಬಿಡುವ ಕ್ರಮವನ್ನು ಅಲ್ಲಿಯ ರೈತರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುತ್ತಾರೆ. ಮಳೆಯು ನೆಲದ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತವನ್ನು ಬಿತ್ತುವರು. ಈ ಭತ್ತವು ಎತ್ತರವಾಗಿ ಬೆಳೆದು ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುತ್ತದೆ. ಗೊಬ್ಬರದ ಖರ್ಚೂ ಇಲ್ಲ. ತೆನೆಯನ್ನಷ್ಟೇ ಕೊಯ್ದು ಬಿಟ್ಟ ಹುಲ್ಲು ಕೊಳೆತು ಮೀನು ಸೀಗಡಿಗಳಿಗೆ ಆಹಾರವಾಗುವುದು. ಒಂದೇ ನೆಲದಿಂದ ಅನ್ನವೂ ಮೀನೂ! ಇಷ್ಟು ಮಿತವ್ಯಯದ ಬೇಸಾಯವು ಬೇರೆಡೆ ವಿರಳವೆಂದೇ ಹೇಳಬೇಕು.

ಆದರೆ ಇಳುವರಿ ಕಡಮೆ, ಕೂಲಿ ದುಬಾರಿ. ಸೀಗಡಿಯ ಆದಾಯಕ್ಕೆ ಮನಸೋತು ಅನೇಕರು ಬಿತ್ತನೆಯನ್ನೇ ಬಿಟ್ಟಿರುತ್ತಾರೆ. ಅವರನ್ನು ದೂಷಿಸುವುದು ನ್ಯಾಯವಲ್ಲ. ಬಿತ್ತುವವರಿಲ್ಲದ ಕಡೆ ಒಡ್ಡನ್ನು ನೋಡುವವರೂ ಇಲ್ಲವಾಗಿ, ಉಪ್ಪು ಪಕ್ಕದ ತೋಟಕ್ಕೂ ಬಾವಿಗೂ ಇಳಿಯುತ್ತದೆ. ಅಂಥ ನೆಲವನ್ನು ಹಾಳೆಂದು ಬಗೆದು ಮಣ್ಣು ತುಂಬಿ ಮನೆ ಕಟ್ಟಿದಲ್ಲಿ, ಅಲ್ಲಿ ನಿಲ್ಲಬೇಕಾಗಿದ್ದ ನೀರು ನೆರೆಮನೆಯ ಅಂಗಳಕ್ಕೆ ಬರುವುದು.

ಗೋಡೆ ಕಟ್ಟುವುದರಲ್ಲಿ ಜಗತ್ಪ್ರಸಿದ್ಧರಾದ ಹಾಲೆಂಡಿನವರೂ 1993 ಮತ್ತು 1995ರ ನೆರೆಗಳ ತರುವಾಯ ಮನಸ್ಸು ಬದಲಿಸಿದರು. ಓವರ್‌ಡೀಪ್ ಎಂಬಲ್ಲಿ ನದಿಯ ಒಡ್ಡನ್ನು ಹಿಂದಕ್ಕೆ ಸರಿಸಿ, ರೈತರ ಮನೆ ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಕಟ್ಟಿಸಿ, ಹೊಲಗಳನ್ನು ನೆರೆಗೆ ಬಿಟ್ಟುಕೊಟ್ಟರು. ದಿಬ್ಬಗಳ ಸಲಹೆ ಬಂದದ್ದು ಆ ರೈತರಿಂದಲೇ.

ಆದುದರಿಂದ ಪಟ್ಟಣಗಳ ನಕ್ಷೆಯನ್ನು ಬರೆಯುವವರು ಗಜನಿಯನ್ನು ಖಾಲಿ ನಿವೇಶನವೆಂದು ಎಣಿಸದೆ, ಊರಿನ ಜಲಾಶಯವೆಂದು ಗುರುತಿಸತಕ್ಕದ್ದು. ಒಡ್ಡಿನ ಹೊರಗೆ ಕಾಂಡ್ಲಾ ಗಿಡಗಳನ್ನು ಬೆಳೆಸಿದರೆ ಅಲೆಯ ಹೊಡೆತವು ತಗ್ಗುವುದು. ಒಡ್ಡು ತೂಬುಗಳ ದುರಸ್ತಿಯ ವೆಚ್ಚವನ್ನು ರೈತನೊಬ್ಬನ ತಲೆಗೆ ಕಟ್ಟದೆ, ಅದರಿಂದ ರಕ್ಷಣೆ ಪಡೆಯುವ ಪಟ್ಟಣವೂ ಹೊರಬೇಕು. ಅದೂ ಮಳೆಗಾಲಕ್ಕೆ ಮುಂಚೆ, ಮಣ್ಣು ಒಣಗಿರುವಾಗಲೇ.