ಡಿಗ್ರಿ ಮುಗಿಸಿದವರು ಮನೇಲಿ, ಆರೋಗ್ಯ ಇಲಾಖೆಗೆ ಕೈ ಸಾಲದು: ನಡುವೆ ಸೇತುವೆ ಕಟ್ಟೋರು ಯಾರು?

ಕಡೂರು: ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ. ಯಾವ ಬಸ್ ಸ್ಟ್ಯಾಂಡಲ್ಲಿ ನಿಂತು ನೋಡಿದ್ರೂ ಬಿಎ, ಬಿಕಾಂ, ಬಿಎಸ್ಸಿ ಮುಗಿಸಿದ ಹುಡುಗ ಹುಡುಗಿಯರು ಸಿಗ್ತಾರೆ. ಒಬ್ಬರು ಪಿಡಿಒ ಪರೀಕ್ಷೆಗೆ ಓದ್ತಿದ್ದಾರೆ, ಇನ್ನೊಬ್ಬರು ಬೆಂಗಳೂರಿಗೆ ಹೋಗಿ ವಾಪಸ್ ಬಂದಿದ್ದಾರೆ, ಮತ್ತೊಬ್ಬರು ಅಪ್ಪನ ಅಡಿಕೆ ತೋಟದಲ್ಲಿದ್ದಾರೆ. ಅದೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಕೆಲಸ ರಾಶಿ ಬಿದ್ದಿದೆ. ಮನೆ ಮನೆ ಸಮೀಕ್ಷೆ, ಬಿಪಿ-ಶುಗರ್ ಪಟ್ಟಿ, ಲಾರ್ವಾ ಸರ್ವೆ, ಮೊಬೈಲ್ ಆಪ್‌ಗೆ ಎಂಟ್ರಿ. ಮಾಡೋರು ಮಾತ್ರ ಅದೇ ಮೂರು-ನಾಲ್ಕು ಜನ.

ಒಂದು ಕಡೆ ಕೆಲಸ ಇಲ್ಲದವರು, ಇನ್ನೊಂದು ಕಡೆ ಮುಗಿಯದ ಕೆಲಸ. ಇಬ್ಬರನ್ನೂ ಸೇರಿಸೋಕೆ ಸರ್ಕಾರದ ಹತ್ತಿರ ದಾರಿಗಳಿವೆ. ಆದರೆ ಆ ದಾರಿಗಳು ನಮ್ಮ ಮೂರು ತಾಲ್ಲೂಕಿನವರೆಗೆ ಬರೋದಿಲ್ಲ. ಯಾಕೆ ಅನ್ನೋದನ್ನ ನೋಡೋಣ.

ಡಾಕ್ಟರು, ನರ್ಸುಗಳಿಗೆ ದಾರಿ ಇದೆ

ಹೊಸದಾಗಿ ಪಾಸಾದವರನ್ನು ಹಳ್ಳಿಗೆ ಕಳಿಸಿ ತಯಾರು ಮಾಡುವ ವಿಚಾರ ಹೊಸದೇನಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡೀಬೇಕು ಅಂತ ಕರ್ನಾಟಕ 2012ರಲ್ಲೇ ಕಾನೂನು ಮಾಡಿತು. ಅದರ ಹೆಸರಲ್ಲೇ 'ಕಡ್ಡಾಯ ಸೇವಾ ತರಬೇತಿ' ಅಂತಿದೆ. 2023ರ ತಿದ್ದುಪಡಿ ಬಂದ ಮೇಲೆ ಎಷ್ಟು ಹುದ್ದೆ ಖಾಲಿ ಇದೆಯೋ ಅಷ್ಟು ಜನರನ್ನ ಮಾತ್ರ ತಗೊಳ್ತಾರೆ.

ಬಿಎಸ್ಸಿ ನರ್ಸಿಂಗ್ ಆದವರಿಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದ್ರೆ ಸಿಎಚ್‌ಒ ಹುದ್ದೆ ಇದೆ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಉಪಕೇಂದ್ರಗಳನ್ನ ಮೇಲ್ದರ್ಜೆಗೆ ಏರಿಸಿದರು. ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಕೊಟ್ಟು ನರ್ಸಿಂಗ್ ಪದವೀಧರರನ್ನ ಅಲ್ಲಿ ಕೂರಿಸಿದರು. ಇವತ್ತು ಹಳ್ಳಿಯಲ್ಲಿ ಬಿಪಿ ಮಾತ್ರೆ ಸಿಗ್ತಿದೆ ಅಂದ್ರೆ ಅದಕ್ಕೆ ಈ ವ್ಯವಸ್ಥೆಯೂ ಕಾರಣ. ಆದರೆ ಹುದ್ದೆ ಗುತ್ತಿಗೆಯದ್ದು.

ಇವೆರಡೂ ಡಾಕ್ಟರ್, ನರ್ಸ್‌ಗೆ ಆಯಿತು. ನಮ್ಮ ಫಸ್ಟ್ ಗ್ರೇಡ್ ಕಾಲೇಜುಗಳಿಂದ ಹೊರಬೀಳುವ ಬಿಎ, ಬಿಕಾಂ, ಬಿಎಸ್ಸಿ ಹುಡುಗರ ಕಥೆ ಏನು?

5,000 ರೂಪಾಯಿಗೆ ಬೆಂಗಳೂರಿಗೆ ಹೋಗ್ತಾರಾ?

ಅವರಿಗೆ ಸದ್ಯ ಕೈಗೆ ಸಿಗೋದು ಯುವನಿಧಿ. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಯಿತು, 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಹೆಚ್ಚು ಅಂದ್ರೆ ಎರಡು ವರ್ಷ. ಬಸ್ ಚಾರ್ಜು, ಅರ್ಜಿ ಫೀಸಿಗೆ ಆಗುತ್ತೆ, ತಪ್ಪಿಲ್ಲ. ಆದರೆ ಅದರಿಂದ ಕೆಲಸ ಕಲಿಯೋಕೆ ಆಗಲ್ಲ.

ಕೇಂದ್ರದ್ದು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 21ರಿಂದ 24 ವಯಸ್ಸಿನವರಿಗೆ 12 ತಿಂಗಳು ದೊಡ್ಡ ಕಂಪನಿಗಳಲ್ಲಿ ಅವಕಾಶ, ತಿಂಗಳಿಗೆ 5,000, ಸೇರುವಾಗ ಒಂದು ಸಲ 6,000. ಎಸ್ಸೆಸ್ಸೆಲ್ಸಿ, ಪಿಯುಸಿ ಆದವರಿಗೂ ಅವಕಾಶ ಇದೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಬಾಗಿಲು ಮುಚ್ಚಿಲ್ಲ ಅನ್ನೋದು ಒಳ್ಳೇದೇ.

ಆದರೆ ಫಲಿತಾಂಶ ನೋಡಿ. ಮೊದಲ ಸುತ್ತಲ್ಲಿ ಕಂಪನಿಗಳು 82 ಸಾವಿರಕ್ಕೂ ಹೆಚ್ಚು ಆಫರ್ ಕೊಟ್ಟವು. ಒಪ್ಪಿದವರು ಸುಮಾರು 28 ಸಾವಿರ, ಹೋಗಿ ಸೇರಿದವರು ಸುಮಾರು 8,700. ದೂರದ ಊರು, ಉದ್ದದ ಅವಧಿ, ಇಷ್ಟವಾಗದ ಕೆಲಸ ಇವೇ ಕಾರಣ ಅಂತ ಸಂಸತ್ತಿಗೆ ಸರ್ಕಾರವೇ ತಿಳಿಸಿದೆ.

ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ, ಅಜ್ಜಂಪುರದ ಯಾವ ತಾಯಿಯನ್ನ ಕೇಳಿದ್ರೂ ಹೇಳ್ತಾರೆ. ಮನೇಲಿ ಇದ್ದರೆ 3,000, ಬೆಂಗಳೂರಿಗೆ ಹೋದರೆ 5,000. ನಡುವಿನ ಎರಡು ಸಾವಿರದಲ್ಲಿ ಪಿಜಿ ಬಾಡಿಗೆ ಕಟ್ಟೋದು ಹೇಗೆ? ಮಗಳನ್ನ ಒಬ್ಬಳೇ ಕಳಿಸೋದು ಹೇಗೆ? ಅವಕಾಶ ದೊಡ್ಡ ಊರಲ್ಲಿ, ಹುಡುಗರು ಸಣ್ಣ ಊರಲ್ಲಿ. ಹಾಗಾದರೆ ಕಲಿಯುವ ಜಾಗವನ್ನೇ ನಮ್ಮ ಊರಿಗೆ ತಂದರೆ?

ಲೆಕ್ಕ ಹಾಕಿ ನೋಡಿ

ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2014ರ ತಿದ್ದುಪಡಿ ಆದಮೇಲೆ ಇಂಜಿನಿಯರಿಂಗ್ ಓದದ ಪದವೀಧರರಿಗೂ ಅದು ಅನ್ವಯ. 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. 4ರಿಂದ 29 ಜನ ಇರುವ ಸಂಸ್ಥೆ ಇಷ್ಟ ಇದ್ದರೆ ತಗೊಳ್ಳಬಹುದು. ನಮ್ಮ ಊರಿನ ನರ್ಸಿಂಗ್ ಹೋಂ, ಲ್ಯಾಬ್‌ಗಳಲ್ಲಿ ಎಷ್ಟೋ ಈ ಎರಡನೇ ಸಾಲಿಗೆ ಬರ್ತವೆ.

ಅದೇ ನಿಯಮದಲ್ಲಿ ಪದವೀಧರರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ಅಂತ ನಿಗದಿಯಾಗಿತ್ತು. ಅದನ್ನ ಶೇ 36ರಷ್ಟು ಏರಿಸಬೇಕು ಅಂತ 2025ರಲ್ಲಿ ಶಿಫಾರಸು ಆಗಿದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ನೋಂದಣಿ ಮಾಡಿಸಿದರೆ ಅರ್ಧ ಹಣ ಕೇಂದ್ರ ಕೊಡುತ್ತೆ. 9,000ದ ಲೆಕ್ಕದಲ್ಲೇ ಹೇಳೋದಾದ್ರೆ ಸಂಸ್ಥೆಯ ಕೈಯಿಂದ ಹೋಗೋದು ತಿಂಗಳಿಗೆ 4,500, ವರ್ಷಕ್ಕೆ 54,000.

ಹುಡುಗರ ಕಡೆಯಿಂದಲೂ ನೋಡಿ. ಅಪ್ರೆಂಟಿಸ್ ವೇತನ ಪಡೆಯೋರಿಗೆ ಯುವನಿಧಿ ಸಿಗಲ್ಲ. ಆದರೂ 3,000 ಬಿಟ್ಟು 9,000 ಸಿಗುತ್ತೆ. ಮನೆ ಊಟ, ಬಾಡಿಗೆ ಇಲ್ಲ. ವರ್ಷ ಮುಗಿದಾಗ ಕೈಯಲ್ಲಿ ಪ್ರಮಾಣಪತ್ರ ಇರುತ್ತೆ.

ಏನು ಕೆಲಸ ಕಲೀಬಹುದು?

ಇಂಜೆಕ್ಷನ್ ಕೊಡೋದಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಅರ್ಧ ಕೆಲಸ ಮನೆ ಬಾಗಿಲಿಗೆ ಹೋಗೋದು, ಕೇಳೋದು, ಬರೆದುಕೊಳ್ಳೋದು, ಮತ್ತೆ ಹೋಗೋದು. ರೋಗದ ಜಾಡು ಹಿಡಿಯೋಕೆ 1951ರಲ್ಲಿ ಅಮೆರಿಕ ಒಂದು ತರಬೇತಿ ಪಡೆ ಕಟ್ಟಿತು. ಅದರ ಲಾಂಛನ ತೂತುಬಿದ್ದ ಬೂಟಿನ ಅಟ್ಟೆ. ಅಷ್ಟು ನಡೀಬೇಕು ಅಂತ ಅರ್ಥ. 2012ರಿಂದ ನಮ್ಮ ದೇಶದಲ್ಲೂ ಅಂಥದ್ದು ಇದೆ, ದೆಹಲಿ ಮಟ್ಟದಲ್ಲಿ. ತಾಲ್ಲೂಕು ಮಟ್ಟದಲ್ಲಿ ನಡೆಯೋರು ಆಶಾ ಕಾರ್ಯಕರ್ತೆಯರು ಮಾತ್ರ.

ನಮ್ಮಲ್ಲಿ ವಿಷಯಕ್ಕೇನೂ ಬರ ಇಲ್ಲ. ಡೆಂಗಿಯನ್ನ ರಾಜ್ಯ 2024ರ ಸೆಪ್ಟೆಂಬರ್‌ನಲ್ಲಿ ಸಾಂಕ್ರಾಮಿಕ ಅಂತ ಘೋಷಿಸಿತು. ಹಾವು ಕಡಿತದ ಪ್ರತಿ ಪ್ರಕರಣ ವರದಿ ಆಗಬೇಕು ಅಂತ 2024ರಲ್ಲೇ ಆದೇಶ ಬಂತು. ಯಗಟಿ, ಪಂಚನಹಳ್ಳಿ ಕಡೆಯ ತೋಟ, ಹೊಲದವರಿಗೆ ಇದು ದಿನದ ಭಯ. ಮಂಗನ ಕಾಯಿಲೆ ಮಲೆನಾಡಿನ ಕಡೆ ಜಾಸ್ತಿ ಅಂದ್ರೂ ಲಕ್ಕವಳ್ಳಿ, ಲಿಂಗದಹಳ್ಳಿ ಕಾಡಂಚಿನವರು ಮೈಮರೆಯೋ ಹಾಗಿಲ್ಲ. ಟಿಬಿ ರೋಗಿಗೆ ತಿಂಗಳಿಗೆ 1,000 ಪೌಷ್ಟಿಕ ಆಹಾರದ ಹಣ ಬರಬೇಕು, ಬ್ಯಾಂಕ್ ಖಾತೆ ಸರಿ ಇಲ್ಲ ಅಂದ್ರೆ ನಿಲ್ಲುತ್ತೆ. ಅದನ್ನ ಸರಿ ಮಾಡಿಸೋಕೆ ಬಿಕಾಂ ಹುಡುಗಿ ಸಾಕು.

ಒಪ್ಪಿಕೊಳ್ಳುವ ಸಂಸ್ಥೆ ಎಲ್ಲಿ?

ನಿಜವಾದ ಕೊರತೆ ಇಲ್ಲಿದೆ. ಹುಡುಗರನ್ನ ಹುಡುಕೋದು ಸುಲಭ, ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ರೆ ಸಾಕು. ಕಲಿಸೋಕೆ ಒಪ್ಪುವ ಜಾಗ ಬೇಕು. ತಾಲ್ಲೂಕು ಆಸ್ಪತ್ರೆ ಒಂದೇ ಅಲ್ಲ. ಕಡೂರು, ಬೀರೂರು, ತರೀಕೆರೆ ಪುರಸಭೆಗಳಿವೆ. ಗ್ರಾಮ ಪಂಚಾಯಿತಿಗಳಿವೆ, ಖಾಸಗಿ ಆಸ್ಪತ್ರೆಗಳಿವೆ. ತರೀಕೆರೆಯಿಂದ ಬೇರೆಯಾದ ಹೊಸ ತಾಲ್ಲೂಕು ಅಜ್ಜಂಪುರದಲ್ಲಂತೂ ಮೊದಲಿಂದಲೇ ಸರಿಯಾಗಿ ಕಟ್ಟೋಕೆ ಅವಕಾಶ ಇದೆ. ನಮ್ಮ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾಲಯ ಇರೋದು ಲಕ್ಕವಳ್ಳಿ ಪಕ್ಕದ ಶಂಕರಘಟ್ಟದಲ್ಲಿ. ದೂರದ ಮಾತೇನಲ್ಲ.

ಆದರೆ ಸಂಸ್ಥೆಗಳು ಹಿಂಜರಿಯೋಕೂ ಕಾರಣ ಇದೆ. ಪೋರ್ಟಲ್ ನೋಂದಣಿ, ಒಪ್ಪಂದ, ಹಾಜರಾತಿ ಯಾರು ನೋಡಿಕೊಳ್ಳೋದು?  ಈ ಕಾಗದದ ಕೆಲಸಕ್ಕೆ ತಾಲ್ಲೂಕಿಗೆ ಒಬ್ಬರು ಬೇಕು.

ಇನ್ನೊಂದು ಎಚ್ಚರಿಕೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಫ್ರೀಡಂ ಪಾರ್ಕಲ್ಲಿ ಕೂತ ಮೇಲೆ ತಿಂಗಳಿಗೆ 10,000 ಖಾತ್ರಿಯ ಭರವಸೆ ಸಿಕ್ಕಿತು. ವರ್ಷಗಟ್ಟಲೆ ದುಡಿದವರ ಪರಿಸ್ಥಿತಿ ಹೀಗಿರುವಾಗ, ಕಲಿಯೋಕೆ ಬಂದವರನ್ನ ಅಗ್ಗದ ಆಳು ಮಾಡಿಕೊಂಡ್ರೆ ಇಬ್ಬರಿಗೂ ಅನ್ಯಾಯ. ಖಾಲಿ ಹುದ್ದೆ ತುಂಬೋದು ಬೇರೆ, ತರಬೇತಿ ಕೊಡೋದು ಬೇರೆ. ಹಾಗಾಗಿ ಯಾರ ಕೈಕೆಳಗೆ ಕಲಿಯೋದು, ಯಾವ ಕೆಲಸ ಮುಟ್ಟಬಾರದು, ವಾರಕ್ಕೆ ಎಷ್ಟು ಗಂಟೆ, ಫೀಲ್ಡಿಗೆ ಹೋದ ಖರ್ಚು ಯಾರದ್ದು, ಎಲ್ಲಾ ಬರವಣಿಗೆಯಲ್ಲಿ ಇರಬೇಕು.

ಈಗ ಏನು ಮಾಡಬಹುದು

ಮೂರು ತಾಲ್ಲೂಕಿನ ಆರೋಗ್ಯಾಧಿಕಾರಿಗಳು, ಕಾಲೇಜು ಪ್ರಾಂಶುಪಾಲರು, ತಾಲ್ಲೂಕು ಪಂಚಾಯಿತಿ ಇಒಗಳು ಒಂದು ದಿನ ಒಟ್ಟಿಗೆ ಕೂತು ಎರಡು ಪಟ್ಟಿ ಮಾಡಲಿ. ಯಾವ ಸಂಸ್ಥೆ ಎಷ್ಟು ಜನರಿಗೆ ಕಲಿಸುತ್ತೆ ಅನ್ನೋದು ಒಂದು, ಯಾವ ಊರಿನ ಯಾರು ಬರೋಕೆ ಸಿದ್ಧ ಅನ್ನೋದು ಇನ್ನೊಂದು. ಮೊದಲ ವರ್ಷ ತಾಲ್ಲೂಕಿಗೆ ಹತ್ತು ಜನ ಸಾಕು. ಸೇರಿದವರು ಎಷ್ಟು, ಉಳಿದವರು ಎಷ್ಟು, ಸ್ಟೈಪೆಂಡ್ ಸರಿಯಾದ ತಾರೀಖಿಗೆ ಬಂತಾ, ಇಷ್ಟನ್ನ ಆರು ತಿಂಗಳಿಗೊಮ್ಮೆ ಊರಿನ ಮುಂದೆ ಇಡಲಿ.

ಶಾಸಕರ ಮುಂದಿನ ಕೆಡಿಪಿ ಸಭೆಯಲ್ಲಿ ಯಾರಾದ್ರೂ ಒಬ್ಬರು ಈ ಪ್ರಶ್ನೆ ಕೇಳಿದ್ರೂ ಶುರುವಾದಂತೆ. ಹೆಸರು ಕೊಡೋಕೆ ಹುಡುಗರು ರೆಡಿ ಇದ್ದಾರೆ. ನಮ್ಮಲ್ಲಿ ಕಲಿಸ್ತೀವಿ ಅಂತ ಮೊದಲು ಬೋರ್ಡ್ ಹಾಕೋದು ಯಾವ ಆಸ್ಪತ್ರೆ, ಯಾವ ಪಂಚಾಯಿತಿ?