ಮಗ್ಗದ ತನಕ 19 ಹೆಜ್ಜೆ

ಸೊಂಟದ ಕೀಲು ಬದಲಿಸಿಕೊಂಡು ಇಳಕಲ್‌ಗೆ ಮರಳಿದ ಅವ್ವನಿಗೆ ಬೆಂಗಳೂರಿನಿಂದ ದಿನಾ ಫೋನ್ ಮಾಡಿ, "ಆರಾಮ್ ಅದೀ ಏನಬೇ?" ಅಂತಿದ್ದೆ. "ಆರಾಮ್ ಅದೀನಪಾ" ಅಂತಿದ್ದಳು. ಶನಿವಾರ ಹೋಗಿ ನೋಡಿದ್ರೆ ನೋವಿನ ಗುಳಿಗೆಗಳೆಲ್ಲ ದಿಂಬಿನ ಕೆಳಗೆ! "ಕಿಡ್ನಿ ಕೆಡ್ತಾವಂತ. ಬ್ಯಾನಿ ತಡಕೋತೀನಿ ಬಿಡು."

ತಡಕೊಂಡಿದ್ದು ಖರೆ. ಆದ್ರೆ ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ. ಹಾಗೆ ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೂ ಹೋಗಬಹುದು. ಡಾಕ್ಟರು ಬರೆದ ಹೊತ್ತಿಗೆ ಗುಳಿಗೆ ಕೊಟ್ಟು, ಅರ್ಧ ತಾಸು ಬಿಟ್ಟು ನಡೆಸಿ ಅಂದ್ರು ಫಿಸಿಯೋಥೆರಪಿಸ್ಟ್.

ಕಿಡ್ನಿಯ ಭಯ ಪೂರ್ತಿ ಸುಳ್ಳಲ್ಲ. ಡೈಕ್ಲೋಫೆನಾಕ್‌ನಂಥವನ್ನು ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತರಲೇಬಾರದು. ಅವ್ವನ ಚೀಟಿಯಲ್ಲಿ ಇದ್ದದ್ದು ಪ್ಯಾರಾಸಿಟಮಾಲ್. ಅದು ಎಷ್ಟೋ ನೆಗಡಿ ಗುಳಿಗೆಗಳಲ್ಲೂ ಇರುತ್ತೆ. ಎರಡೂ ಕೂಡಿ ಡೋಸ್ ಮೀರಿದರೆ ಲಿವರ್‌ಗೆ ಕುತ್ತು.

ವಾಕರ್ ಮುಂದೆ, ನಂತರ ಆಪರೇಷನ್ ಆದ ಕಾಲು, ಆಮೇಲೆ ಇನ್ನೊಂದು. ಮೆಟ್ಟಿಲು ಹತ್ತುವಾಗ ಮಾತ್ರ ಗಟ್ಟಿ ಕಾಲು ಮೊದಲು. ಸದ್ಯ ನೆಲಕ್ಕೆ ಕೂರುವಂತಿಲ್ಲ, ಕುಣಿಮಗ್ಗಕ್ಕೆ ಇಳಿಯುವಂತಿಲ್ಲ. ಆಕೆಗೆ ಅದೇ ದೊಡ್ಡ ಬ್ಯಾನಿ.

ಈಗ ಫೋನಲ್ಲಿ "ಆರಾಮಾ" ಅಂತ ಕೇಳಲ್ಲ. ಗುಳಿಗೆ ಎಷ್ಟು ಉಳಿದಾವ, ಎಷ್ಟು ಸಲ ನಡೆದಿ ಅಂತ ಕೇಳ್ತೀನಿ. ಹಾಸಿಗೆಯಿಂದ ಮಗ್ಗಕ್ಕೆ 19 ಹೆಜ್ಜೆ. ನಿನ್ನೆ ಐದು ಸಲ ಹೋಗಿ ಬಂದಳಂತೆ.